ಅರ್ಧ ಊದಿದ್ದಕ್ಕೆ

ಮಂಡಕ್ಕಿ ಭಟ್ಟಿಗಳ ಬೀದಿ ಮುಗಿಯುವಲ್ಲಿ ಉರ್ದು ಶಾಲೆ.
ಭಾನುವಾರ ಅದರ ಅಂಗಳಕ್ಕೊಂದು ಶಾಮಿಯಾನಾ, ಆರು ಮೇಜು.
ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು,
ಪರದೆಯ ಹಿಂದೆ ಹೆಂಗಸರ ತಪಾಸಣೆ,
ಕೊನೆಯ ಮೇಜು ನನ್ನದು: ಉಸಿರು.
ಎಲ್ಲ ಸೇರಿ ಇಪ್ಪತ್ತು ರೂಪಾಯಿ.
ಪುಕ್ಕಟೆ ಅಂದರೆ ಜನ ನಂಬೋದಿಲ್ಲ ಅಂತ
ನಮ್ಮ ಮೇಡಂ ಇಟ್ಟ ಬೆಲೆ,
ದಾವಣಗೆರೆಯಲ್ಲಿ ಒಂದು ಬೆಣ್ಣೆ ದೋಸೆಗೂ ಸಾಲದು.

ನರ್ಸಿಂಗ್ ಮೂರನೇ ವರ್ಷ.
ನನ್ನ ಕೈಗೆ ಕೊಟ್ಟದ್ದು ಪ್ಲಾಸ್ಟಿಕ್ಕಿನ ಕೊಳವೆ,
ಮೈತುಂಬ ಅಂಕಿ, ಅಂಕಿಗುಂಟ ಓಡುವ ಕೆಂಪು ಮುಳ್ಳು.
ಹೇಳಬೇಕಾದ ಮಾತು ಮೂರೇ:
ಎಳಕೊಳ್ಳಿ. ತುಟಿ ಬಿಗಿ ಮಾಡಿ. ಊದಿ.

ಬೆಳಿಗ್ಗೆ ಬಂದವರು ಹುಡುಗರು.
ಐನೂರು, ಐನೂರ ಐವತ್ತು,
ಚಹಾದ ಮೇಲೆ ಪಂದ್ಯ ಕಟ್ಟಿ ಊದಿದರು.
ಮದುವೆ ಬ್ಯಾಂಡಿನ ಕ್ಲಾರಿನೆಟ್ ದಾದಾಪೀರ್
ಮುಳ್ಳನ್ನು ಆರುನೂರಕ್ಕೆ ಮುಟ್ಟಿಸಿ
ಮೀಸೆ ಒರೆಸಿಕೊಂಡು ಸುತ್ತ ನೋಡಿದ.

ಹನ್ನೊಂದಕ್ಕೆ ಭಟ್ಟಿ ಬಿಟ್ಟಿತು.
ರಾತ್ರಿ ಎರಡಕ್ಕೇ ಒಲೆ ಹಚ್ಚಿದವರು,
ಕಾದ ಮರಳಲ್ಲಿ ಅಕ್ಕಿಯನ್ನು ಅರಳಿಸಿದವರು,
ರೆಪ್ಪೆಯಲ್ಲಿ ಬೂದಿ, ಕೂದಲಲ್ಲಿ ಹೊಟ್ಟು,
ಮುಖ ತೊಳೆಯದೆಯೇ ಸಾಲು ನಿಂತರು.
ಆಗ ನನ್ನ ಮೇಜಿನ ಮೇಲೆ ಅಂಕಿ ಇಳಿಯತೊಡಗಿತು.
ಇನ್ನೂರ ಎಂಬತ್ತು.
ಇನ್ನೂರ ಅರವತ್ತು. ಮತ್ತೆ ಇನ್ನೂರ ಅರವತ್ತು.
ಕೊಳವೆಯೇ ಕೆಟ್ಟಿತೇನೋ ಎಂದು
ತುದಿ ಬದಲಿಸಿ, ಗೋಡೆಯ ಕಡೆ ತಿರುಗಿ, ನಾನೇ ಊದಿ ನೋಡಿದೆ.
ಕೆಟ್ಟಿರಲಿಲ್ಲ.

ಆಮೇಲೆ ಪೀರಾಂಬಿ.
ಚೀಟಿಯಲ್ಲಿ ವಯಸ್ಸಿನ ಜಾಗಕ್ಕೆ ಯಾರೋ
‘ಅಂದಾಜು’ ಅಂತಷ್ಟೇ ಬರೆದು ಬಿಟ್ಟಿದ್ದರು.
ಮೊದಲ ಸಲ ನೂರ ಐವತ್ತು.
ಎರಡನೇ ಸಲ ಬರೀ ಕೆಮ್ಮು.
ಮೂರನೇ ಸಲ ನೂರ ಐವತ್ತು ದಾಟಿ ಒಂದು ಗೆರೆ.
“ಏನಂತೈತೆ ಬೇಟಿ ನಿನ್ನ ಪೀಪಿ?”
ಇರಬೇಕಾದದ್ದರಲ್ಲಿ ಅರ್ಧ ಐತಮ್ಮಾ, ಅಂದೆ.
“ಅರ್ಧ ಊದೀನಿ ಅಂದ್ರೆ
ಅರ್ಧ ದುಡ್ಡು ವಾಪಸ್ ಕೊಡು.”
ಸಾಲಿನಲ್ಲಿದ್ದವರೆಲ್ಲ ನಕ್ಕರು, ನಕ್ಕು ಕೆಮ್ಮಿದರು.
ಕೆಮ್ಮು ಒಬ್ಬರಿಂದ ಒಬ್ಬರಿಗೆ ದಾಟಿ
ಗೇಟಿನ ತನಕ ಹೋಗಿ ನಿಂತಿತು.

“ಮುಷ್ಟಿ ಅಕ್ಕಿ ಹಾಕಿದ್ರೆ ಮೊರ ತುಂಬ್ತದೆ,” ಅಂದಳು,
ಸೆರಗಿಂದ ತುಟಿ ಒರೆಸಿಕೊಳ್ಳುತ್ತ.
“ಬೆಂಕಿ ಒಂದರಿಂದಲೇ ಉಬ್ತದೆ ಅಂತ ತಿಳಕಂಡೀರಿ ನೀವು.”
ಅಷ್ಟೇ. ಮುಂದೆ ಹೇಳಲಿಲ್ಲ.

ನಾನು ಕಲಿತದ್ದನ್ನು ಒಪ್ಪಿಸಿದೆ.
ಹೊಗೆಯಿಂದ ದೂರ ಇರಬೇಕು. ಬಾಯಿಗೆ ಬಟ್ಟೆ.
ಒಲೆಗೆ ಹಳೇ ಟೈರು ಹಾಕಬೇಡಿ ಅಂತ ಮಾಲೀಕರಿಗೆ ಹೇಳಿ.
(ಮಾಲೀಕರು ಸಕ್ಕರೆಯ ಮೇಜಿನಲ್ಲಿ ಬೆರಳು ಚಾಚಿ
ಕಣ್ಣು ಮುಚ್ಚಿಕೊಂಡು ಕೂತಿದ್ದರು.)
ಮಂಗಳವಾರ ಆಸ್ಪತ್ರೆಗೆ ಬಂದರೆ ಎದೆಯ ಫೋಟೋ ತೆಗೀತಾರೆ.
“ಮಂಗಳವಾರ ಯಾಕೆ? ಶುಕ್ರವಾರ ಬರ್ತೀನಿ,
ಶುಕ್ರವಾರ ಒಲೆ ತಣ್ಣಗಿರ್ತದೆ.”
ಶುಕ್ರವಾರ ಉಸಿರಿನ ಡಾಕ್ಟರು ಕೂರುವುದಿಲ್ಲ.
ಗೊತ್ತಿದ್ದೂ ಚೀಟಿಯಲ್ಲಿ ಶುಕ್ರವಾರ ಅಂತಲೇ ಬರೆದೆ,
ಅದರ ಕೆಳಗೆ ನನ್ನ ಮೊಬೈಲ್ ನಂಬರು.

ಸಂಜೆ ರಟ್ಟಿನ ತುದಿಗಳನ್ನು ಎಣಿಸಿ
ಹಳದಿ ಚೀಲಕ್ಕೆ ಹಾಕಿದೆ, ನೂರ ಎಪ್ಪತ್ತೊಂದು.
ಒಂದರ ಅಂಚಿಗೆ ಎಲೆಅಡಿಕೆಯ ಕೆಂಪು.
ಗೆಳತಿಯರು ಗಾಡಿಯಿಂದ ಖಾರ ಮಂಡಕ್ಕಿ, ಮಿರ್ಚಿ ತಂದರು.
ಪೊಟ್ಟಣಕ್ಕೆ ತೂಕವೇ ಇಲ್ಲ.
ಹಿಡಿ ಮಂಡಕ್ಕಿ ಅಂಗೈಯಲ್ಲಿಟ್ಟು ಒಮ್ಮೆ ಊದಿ
ಬಾಯಿಗೆ ಹಾಕಿಕೊಳ್ಳುವುದು ನಮ್ಮ ಮನೆಮಂದಿಯ ಅಭ್ಯಾಸ.
ಅವತ್ತು ಊದಲಿಲ್ಲ. ಹೊಟ್ಟಿನ ಸಮೇತ ತಿಂದೆ.

ಉಸಿರಿನ ಡಾಕ್ಟರನ್ನು ಕಾಡಿ ಬೇಡಿ,
ಶುಕ್ರವಾರ ಹತ್ತು ನಿಮಿಷ ಕೇಳಿ ಇಟ್ಟುಕೊಂಡೆ.
ಒಂಬತ್ತೂವರೆಗೆ ಫೋನು.
ಆ ಕಡೆಯಿಂದ ಮೊದಲು ಹೆಸರು ಬರಲಿಲ್ಲ, ಕೆಮ್ಮು ಬಂತು,
ಆಮೇಲೆ ಸ್ವಲ್ಪ ಹೊತ್ತು ಬರೀ ಗಾಳಿ,
ಆಮೇಲೆ:
“ಗೇಟಿನ ಹತ್ರ ಇದೀನಿ ಬೇಟಿ.
ಆ ಹತ್ತು ರೂಪಾಯಿ ತಂದೀಯಾ?”