ಕಾಳಿಯಲ್ಲಿ ಕುಳಿಯಿಲ್ಲ

ಪರಾತದ ತುಂಬ ಮೈದಾಹಿಟ್ಟು,
ಅದರ ಮೇಲೆ ಬಿಸಿಯೂಟದ ರೋಹಿಣಿಬಾಯಿ
ಗೊಣಗುತ್ತ ಉದುರಿಸಿದ ಮೆಣಸಿನಪುಡಿ.
ಬೆಂಚು ಹತ್ತಿ ಒಬ್ಬೊಬ್ಬರೇ ಗೋಲಿ ಬಿಡಬೇಕು.
ಎಸೆಯಬಾರದು, ಬಿಡಬೇಕು.
ಕೋಡಿಬಾಗದ ಏಳನೆಯ ತರಗತಿ
ಮಂಗಳವಾರ ಮೂರನೆಯ ಪಿರಿಯಡ್ಡಿಗೆ
ಹೀಗೆ ಆಕಾಶವಾಯಿತು.

ಬಿದ್ದಲ್ಲೆಲ್ಲ ಕೆಂಪು ಸರಿದು ಬಿಳಿ ಎದ್ದಿತು.
'ಒಳಗಿಂದು ಹೊರಗೆ ಬಂತು ಅಕ್ಕೋರೇ.'
ಇದನ್ನು ಹೇಳಲು ಪುಸ್ತಕಕ್ಕೆ
ಅರ್ಧ ಪುಟ ಹಿಡಿದಿತ್ತು.
ಎಲ್ಲರೂ ಸೀನಿದೆವು.

ನಕಾಶೆ ಬಿಚ್ಚಿದೆ.
ಇದು ಲೋಣಾರ್: ಕರಿಕಲ್ಲಿನ ಬಟ್ಟಲು,
ಕಡಲು ಎಷ್ಟೋ ದೂರ, ನೀರು ಮಾತ್ರ ಉಪ್ಪು.
ಇದು ಅರಿಝೋನಾ: ಬಿದ್ದ ಕಬ್ಬಿಣ ತಳದಲ್ಲೇ ಇದೆಯೆಂದು
ಒಬ್ಬಾತ ಇಪ್ಪತ್ತೇಳು ವರ್ಷ ಅಗೆಸಿದ ಜಾಗ;
ಬಹುಪಾಲು ಕಬ್ಬಿಣ ಬಿದ್ದ ಗಳಿಗೆಯಲ್ಲೇ ಆವಿಯಾಗಿತ್ತು.
ಇದು ಜರ್ಮನಿಯ ಊರು, ಕುಳಿಯೊಳಗೇ ಕಟ್ಟಿದ್ದು,
ಚರ್ಚಿನ ಗೋಡೆಯ ಕಲ್ಲಲ್ಲಿ ವಜ್ರಗಳಿವೆ,
ಕಣ್ಣಿಗೆ ಕಾಣದಷ್ಟು ಸಣ್ಣವು.
'ಕಾಣದಿದ್ರೆ ಎಂತಕ್ಕೆ?' ಎಂದಳು ದರ್ಶನಾ ತಾಂಡೇಲ.
ಇದು ದಕ್ಷಿಣ ಆಫ್ರಿಕಾ. ಎಲ್ಲಕ್ಕಿಂತ ದೊಡ್ಡದು, ಹಳೆಯದು,
ಇನ್ನೂರು ಕೋಟಿ ವರ್ಷ ಸವೆದು ಅಂಚೇ ಉಳಿದಿಲ್ಲ.
ಮೇಲೆ ನದಿಯೊಂದು ಹರಿಯುತ್ತದೆ, ಗೋವಿನಜೋಳ ಬೆಳೆಯುತ್ತಾರೆ.
ಅಲ್ಲಿ ಹುಟ್ಟಿದವರಿಗೆ ಅದು ಬರೇ ಊರು.

ಆಮೇಲೆ ಎಸ್ಟೋನಿಯಾ, ಬಾಲ್ಟಿಕ್ ಕಡಲ ಒಂದು ದ್ವೀಪ.
ನಮ್ಮ ಮೈದಾನದಲ್ಲಿ ಹಿಡಿಸುವಂಥ
ಒಂದು ದುಂಡು ಕೆರೆ. ಹೆಸರು ಕಾಲಿ.
ಅವರ ಬಾಯಲ್ಲಿ ಕಾಲಿ, ನಮ್ಮ ಕಿವಿಯಲ್ಲಿ ಕಾಳಿ.
ತೂಕಡಿಸುತ್ತಿದ್ದವರು ಎದ್ದು ಕೂತರು.
ಕಿಟಕಿಯಾಚೆ ಗಾಳಿಮರ, ಅದರಾಚೆ ನಮ್ಮದು,
ಅಳಿವೆಯ ರಾಡಿನೀರು, ಸದಾಶಿವಗಡದ ಗುಡ್ಡ.
ಅಲ್ಲಿ ಸೂರ್ಯನೇ ಬಿದ್ದನೆಂದು ಕಥೆಯಂತೆ,
ಕೆರೆಯ ಕೆಸರಲ್ಲಿ ದನಕರುಗಳ ಎಲುಬಂತೆ,
ಹರಕೆಯದಿರಬಹುದಂತೆ.
'ನಮ್ಮಲ್ಲಿ ಕೋಳಿ' ಎಂದಿತು ಹಿಂದಿನ ಬೆಂಚು.

ನಗು ಮುಗಿಯುವ ಮೊದಲೇ ದರ್ಶನಾ:
'ನಮ್ಮ ಕಾಳಿಗೂ ಬಿದ್ದದ್ದುಂಟಲ್ಲ. ಸೇತುವೆ.'

ಹಳೆಯ ಸೇತುವೆ ಮುರಿದು
ಲಾರಿಯನ್ನೂ ಜೊತೆಗೆಳೆದುಕೊಂಡು ಹೊಳೆಗಿಳಿದ
ಆ ಮಳೆಗಾಲದ ರಾತ್ರಿ
ಅವಳ ಅಪ್ಪನಿಗೆ ನಿದ್ದೆ ಬಂದಿರಲಿಲ್ಲ.
ಸಿಡಿಲಲ್ಲ, ಸಿಡಿಲು ಉರುಳುತ್ತದೆ,
ಇದು ಕೂತಿತು, ಎಂದನಂತೆ.
ದೋಣಿ ಬಿಚ್ಚುವಷ್ಟರಲ್ಲಿ ಬೇರೆಯವರು
ಡ್ರೈವರನನ್ನು ಮೇಲೆತ್ತಿಕೊಂಡಿದ್ದರಂತೆ.
ಇವನ ಟಾರ್ಚಿಗೆ ಸಿಕ್ಕಿದ್ದು ನೀರು.
ಎಂದಿನ ಹಾಗೆ
ಕಡಲ ಕಡೆ ಹೊರಟಿದ್ದ ನೀರು.
'ಗುಂಡಿ ಬೀಳಲೇ ಇಲ್ಲ ಅಕ್ಕೋರೇ. ಯಾಕೆ?'

ನೀರು ದ್ರವ, ತಗ್ಗನ್ನು ತಾನೇ ತುಂಬಿಕೊಳ್ಳುತ್ತದೆ
ಎಂದೆ. ಅವಳು ಬರೆದುಕೊಂಡಳು.
ಒಂದು ಅಂಕಕ್ಕೆ ಸಾಕು.

ಸಂಜೆ ಇಳಿತ.
ಚಿಪ್ಪಿಕಲ್ಲು ತೆಗೆಯುವ ಹೆಂಗಸರು ಸೊಂಟ ಬಗ್ಗಿಸಿ
ಕೈಯಿಂದಲೇ ಹೊಂಡ ತೋಡುತ್ತಿದ್ದರು,
ಹಿಂದೆ ಬಿಟ್ಟ ಹೊಂಡ ಮುಂದಿನದು ಮುಗಿಯುವ ಮೊದಲೇ
ಮುಚ್ಚಿಕೊಳ್ಳುತ್ತಿತ್ತು.
ಮೆಕ್ಸಿಕೋದ್ದನ್ನು ಹೇಳಲು ಮರೆತೆನಲ್ಲ ಅಂದುಕೊಂಡೆ:
ಅರ್ಧ ನೆಲದಡಿ, ಅರ್ಧ ಕಡಲಡಿ,
ಮೇಲೆ ನಿಂತು ನೋಡಿದರೆ ಏನೂ ಇಲ್ಲ.
ಅಂಚಿನಗುಂಟ ಮಾತ್ರ ಬಾವಿಗಳ ಸಾಲು,
ಬಿಲ್ಲಿನಂತೆ ಬಾಗಿ,
ಊರವರು ತಲೆತಲಾಂತರ ನೀರು ಸೇದಿದವು.

ಮರುದಿನ ರೋಹಿಣಿಬಾಯಿ ಹಿಟ್ಟು ಜರಡಿ ಹಿಡಿದು
ಖಾರದ ಶಂಕರಪೋಳಿ ಕರಿದಳು. ತಿಂದೆವು.
ಇಪ್ಪತ್ತೊಂಬತ್ತು ಗೋಲಿ ಕೊಟ್ಟಿದ್ದೆ,
ಇಪ್ಪತ್ತೆಂಟು ಸಿಕ್ಕವು.

ಪ್ರಗತಿಪತ್ರಕ್ಕೆ ಸಹಿ ಹಾಕಲು
ಶನಿವಾರ ದರ್ಶನಾಳ ಅಪ್ಪ ಬಂದ.
ಒದ್ದೆ ಚಪ್ಪಲಿ ಹೊರಗೇ ಬಿಟ್ಟು,
ಕುರ್ಚಿಯ ತುದಿಗೆ ಕೂತು, ಗಣಿತ ಕಡಿಮೆಯಾಯ್ತಲ್ಲ ಅಂದ.
ಮುಖ ಬಾಡಿತ್ತು. ಮೀನು ಹೇಗೆಂದು ಕೇಳಿದೆ.
'ಮೀನು ಅಡ್ಡಿಲ್ಲ. ರಾತ್ರಿ ಒಂದಕ್ಕೆ
ಎಚ್ಚರಾಗ್ತದೆ ಅಕ್ಕೋರೇ, ದಿನಾ.
ನೀರು ಕುಡಿದು ಮಲಗ್ತೆ.'

ಅವನು ಹೋದ ಮೇಲೆ ಹಾಳೆ ತಿರುಗಿಸಿದೆ.
ಪೆನ್ನು ಒತ್ತಿದ್ದಕ್ಕೆ
ಹೆಸರು ಹಿಂಬದಿಯಲ್ಲಿ ಉಬ್ಬಿ ನಿಂತಿತ್ತು.
ಗಂಟೆ ಹೊಡೆಯುವವರೆಗೆ
ಅದರ ಮೇಲೆ ಬೆರಳಾಡಿಸುತ್ತ ಕೂತೆ.