ಐದೂಮುಕ್ಕಾಲು ಇಂಚು

ಸರಳಿಗೂ ಸರಳಿಗೂ ನಡುವೆ ಐದೂಮುಕ್ಕಾಲು ಇಂಚು.
ಹೆಚ್ಚಾದರೆ ಹುಡುಗರ ತಲೆ ತೂರುತ್ತದೆ,
ಕಡಿಮೆಯಾದರೆ ರೆಕ್ಕೆ ತರಚುತ್ತದೆ ಎಂದಳು ಲೆಂಪಿ,
ಕಾಗದದ ಮೇಲೆ ಪೆನ್ಸಿಲಿನ ಗೀಟು ಎಳೆಯುತ್ತಾ.
ನಾನು ಬೆಸುಗೆಯವನು. ಹೇಳಿದ ಅಳತೆಗೆ ಕಬ್ಬಿಣ ಕೊಯ್ಯುವವನು.
ಗೇಣಿಗೂ ಕಮ್ಮಿಯ ಈ ಸಂದಿಗೆ
ಸರ್ಕಾರ ಇಷ್ಟು ದುಡ್ಡು ಸುರಿಯುತ್ತದೆಂದರೆ
ಅಜ್ಜ ನಗುತ್ತಿದ್ದ,
ಕೆಮ್ಮು ಬಂದು ನಗು ನಿಲ್ಲಿಸುವ ತನಕ.

ಅಜ್ಜ ಒಳಹೊಕ್ಕದ್ದು ಇದೇ ಬಾಯಿಂದ, ಹದಿನಾಲ್ಕನೇ ವಯಸ್ಸಿಗೆ,
ಫಿನ್ಲೆಂಡಿನ ಹಡಗಿಳಿದು ಹದಿನಾರು ದಿನವೂ ಆಗಿರಲಿಲ್ಲ.
ಸುಪೀರಿಯರ್ ಸರೋವರದ ದಡ, ತಾಮ್ರದ ಊರು,
ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು ಮೂರೇ ಮಾತು:
ಹೌದು, ಇಲ್ಲ, ಇನ್ನೂರಾ ಹತ್ತೊಂಬತ್ತು.
ಕೊನೆಯದು ಅವನ ಬಿಲ್ಲೆಯ ನಂಬರು.
ಒಳಗೆ ಹೋಗುವಾಗ ಹಿತ್ತಾಳೆ ಬಿಲ್ಲೆ ಹಲಗೆಯ ಮೊಳೆಗೆ,
ಹೊರಗೆ ಬಂದವನು ತೆಗೆದು ಜೇಬಿಗೆ.
ಸಂಜೆ ಮೊಳೆಯಲ್ಲಿ ಉಳಿದವು ಎಷ್ಟೋ
ಒಳಗುಳಿದವರು ಅಷ್ಟು.
ಹೆಸರು ಬೇಕಾಗಿರಲಿಲ್ಲ.

ಗಣಿ ಮುಚ್ಚಿದ್ದು ನಾನು ಹುಟ್ಟುವ ಮೊದಲು.
ಬಾಯಿಗೆ ದಿಮ್ಮಿ ತುರುಕಿದರು,
ದಿಮ್ಮಿ ಕೊಳೆತ ಮೇಲೆ ಕೆಟ್ಟ ಕಾರುಗಳನ್ನು ತಳ್ಳಿದರು,
ಅದರಲ್ಲೊಂದು ನಮ್ಮಪ್ಪನ ಹಸಿರು ಪ್ಲಿಮತ್.
ಅದರದೇ ಕಿಟಕಿಯಲ್ಲಿ ನುಸುಳಿ ನಾವು ಹುಡುಗರು ಒಳಗೆ,
ಚಳಿಗಾಲದ ರಜೆಯಲ್ಲಿ, ಕೈಯಲ್ಲಿ ಟಾರ್ಚು, ಮೀನಿನ ಗಾಳದ ಕೋಲು.
ಮೇಲೆ ಗೊಂಚಲುಗೊಂಚಲು ಬಾವಲಿ.
ಒಂದು ತಿವಿತಕ್ಕೆ ಎಷ್ಟು ಉದುರುತ್ತವೆಂದು ಬಾಜಿ.
ಗೆದ್ದವನಿಗೆ ಚ್ಯೂಯಿಂಗ್ ಗಮ್.
ನಾನು ಬಹಳ ಸಲ ಗೆದ್ದಿದ್ದೇನೆ.
ಇದನ್ನು ಲೆಂಪಿಗೆ ಹೇಳಿಲ್ಲ.

ಫೆಬ್ರವರಿಯಲ್ಲಿ, ಎದೆಮಟ್ಟದ ಹಿಮ ಅಗೆದು
ಅಳತೆಗೆಂದು ನನ್ನನ್ನೂ ಒಳಗೆ ಕರೆದೊಯ್ದಳು.
ಮೊದಲು ಬೂಟು ತೊಳೆಸಿದಳು, ಎರಡು ಸಲ:
ಮೂತಿಗೆ ಬಿಳಿ ಬೂಷ್ಟು ಹಿಡಿಸುವ ಆ ರೋಗ
ಗಣಿಯಿಂದ ಗಣಿಗೆ ನಮ್ಮ ಕಾಲಲ್ಲೇ ನಡೆದು ಹೋಗುತ್ತದಂತೆ.
ಹೊರಗಿಗಿಂತ ಒಳಗೆ ಬೆಚ್ಚಗಿತ್ತು.
ಗೋಡೆಯಲ್ಲಿ ತಾಮ್ರ ಹಸಿರಾಗಿ ಒಸರುತ್ತಿತ್ತು.
ಅಜ್ಜನ ಕಾಲದವರು ಚಾಣ ಹೊಡೆದ ತೂತುಗಳು,
ಒಂದರಲ್ಲಿ, ಮದ್ದು ತುಂಬಬೇಕಿದ್ದಲ್ಲಿ,
ರೆಕ್ಕೆ ಮಡಚಿ ಕೂತಿತ್ತು ಒಂದೇ ಒಂದು,
ಒಣಗಿದ ಅಂಜೂರದಷ್ಟು,
ರೋಮರೋಮಕ್ಕೂ ನೀರ ಹನಿ.

‘ಅದರ ಮೇಲೆ ಉಸಿರು ಬಿಡಬೇಡ’ ಎಂದಳು ಪಿಸುದನಿಯಲ್ಲಿ.
‘ಒಂದು ಸಲ ಎಚ್ಚರವಾದರೆ ವಾರಗಟ್ಟಲೆಯ ಕೊಬ್ಬು ಉರಿದುಹೋಗುತ್ತದೆ.
ಮೇ ತಿಂಗಳ ತನಕ ಹೊರಗೆ ಒಂದು ಸೊಳ್ಳೆಯೂ ಇಲ್ಲ.
ಎಬ್ಬಿಸುವುದೂ ಕೊಲ್ಲುವುದೂ ಒಂದೇ.’

ಉಸಿರು ಹಿಡಿದೆ.
ಐವತ್ತೆರಡು ವರ್ಷ ತಡವಾಗಿ.

ಅವಳು ತಗ್ಗು ಸುರಂಗಕ್ಕೆ ತೆವಳಿ ಹೋದಳು.
ದೂರದಿಂದ ಎಣಿಕೆಯ ಗುಂಡಿ: ಕಟಕ್. ಆಮೇಲೆ ಬಹಳ ಹೊತ್ತು ಏನಿಲ್ಲ. ಕಟಕ್.
ಹೇಳಿದ ಸಮಯ ಮೀರಿ ಕಾಲು ಗಂಟೆ.
ಅರ್ಧ ಗಂಟೆ.
ಅಜ್ಜಿ ಶಾಲು ಹೊದ್ದು ಹಲಗೆಯ ಮುಂದೆ ನಿಲ್ಲುತ್ತಿದ್ದಳಂತೆ,
ಓದು ಬಾರದವಳು, ಆ ಒಂದು ಅಂಕಿ ಮಾತ್ರ ಗುರುತು.

ಮೊಣಕೈ ತುಂಬ ಕೆಸರಾಗಿ ಬಂದಳು.
‘ನೂರಾ ಎಂಬತ್ತೇಳು’ ಎಂದಳು.
‘ನಾನು ಕೆಲಸಕ್ಕೆ ಸೇರಿದ ವರ್ಷ ಒಂಬತ್ತು ಸಾವಿರ.’
ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ, ಹೆಸರಿಡುತ್ತೀರಾ?
‘ಇಲ್ಲಪ್ಪ. ಮುಂಗೈಗೆ ಒಂದು ಬಳೆ. ಅದರಲ್ಲಿ ನಂಬರು.’

ಬಾಗಿಲು ಕೂರಿಸಿದ್ದು ಜೂನಿನಲ್ಲಿ.
ಬೆಸುಗೆ ಮುಗಿದ ಮೇಲೂ ಮೂರು ದಿನ ಅರ ಹಿಡಿದು ಕೂತೆ,
ಒಂದೊಂದು ಸರಳಿನ ಒಂದೊಂದು ಗಂಟು, ಮುಳ್ಳು,
ಅಂಗೈ ಸವರಿದರೆ ಏನೂ ತಾಕಬಾರದು, ಹಾಗೆ.
ಆ ಮೂರು ದಿನ ಬಿಲ್ಲಿನಲ್ಲಿ ಬರೆದಿಲ್ಲ.

ಆಗಸ್ಟಿನ ಒಂದು ಮುಸ್ಸಂಜೆ ಲೆಂಪಿ ಇಲ್ಲದಾಗ ಬಂದು
ಪ್ಲಿಮತ್ತಿನ ಕಿತ್ತ ಸೀಟಿನ ಮೇಲೆ ಕೂತಿದ್ದೇನೆ.
ಸಂದಿಯಿಂದ ತಣ್ಣನೆ ಗಾಳಿ ಮೊಣಕಾಲಿಗೆ.
ಒಂದು ಬಂತು. ವೇಗ ತಗ್ಗಿಸಲೂ ಇಲ್ಲ,
ಸುಮ್ಮನೆ ಒಂದು ಕಡೆ ವಾಲಿ
ಆಚೆಯಿಂದ ಈಚೆಗೆ.
ಎಣಿಸಲಿಲ್ಲ ನಾನು.