ಹದಿನಾರು ಬಟ್ಟಲು

ಈಸಾ ಟೌನಿನ ಹಳೇ ಸಾಮಾನಿನ ಸಂತೆಯಲ್ಲಿ
ಶುಕ್ರವಾರ ಬೆಳಿಗ್ಗೆ ಏಳಕ್ಕೇ ಕಬ್ಬಿಣ ಮುಟ್ಟಲಾಗದು.
ಮಫಿಜುಲ್ಲನ ಟಾರ್ಪಾಲಿನ ಮೇಲೆ
ಮಿಕ್ಸರಿನ ಜಾರು, ಒಂಟಿ ಡಂಬೆಲ್ಲು, ಯಾರದೋ ಕಟ್ಟಿದ ಹಲ್ಲು,
ನಡುವೆ ಐದು ಡಿಸ್ಕ್ ಪ್ಲೇಯರು
ಬಿಸಿಲಿಗೆ ಬೆನ್ನು ಕೊಟ್ಟು ಮಲಗಿವೆ.

ಮೊದಲು ಎತ್ತಿ ನೋಡಬೇಕು.
ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ,
ಹನ್ನೊಂದು ವರ್ಷ ಡಕ್ಟು ಹೊತ್ತ ಭುಜ ಹೇಳಿದ್ದು:
ಹಗುರವಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರು ಕಡಲೆಕಾಯಿಯಷ್ಟು.
ಆಮೇಲೆ ಬೆನ್ನು ತಿರುಗಿಸು. ವೋಲ್ಟೇಜು ಓದು.
ನೂರಹತ್ತು ಎಂದಿದ್ದರೆ ಕೈಮುಗಿದು ಕೆಳಗಿಡು.
ಹೋದ ರಂಜಾನಿನಲ್ಲಿ ಕೊಂಡದ್ದು
ಒಂದೇ ಒಂದು ಸಲ ಹಾಡಿತು, ಹೊಗೆಯಲ್ಲಿ.

ಕೆಂಪು ಬಿಳಿ ತೂತುಗಳಿಗೆ ಕಿಲುಬು ಹಿಡಿದಿದೆಯೆ?
ಟ್ರೇ ಹೊರಗೆ ಬರುವಾಗ
ಸಾಲ ಕೇಳಲು ಬಂದವನ ಹಾಗೆ ಬಾಗಿಲಲ್ಲೇ ನಿಲ್ಲುತ್ತದೆಯೆ?
ನಿಂತರೆ ಬೆಲ್ಟು. ಬೆಲ್ಟಾದರೆ ಮುನ್ನೂರು ಫಿಲ್ಸು, ಹೆದರಬೇಡ.
ತಿರುಗಿ ತಿರುಗಿಯೂ ಹಾಡು ಸಿಗದಿದ್ದರೆ ಅದು ಕಣ್ಣಿನ ದೋಷ,
ಲೇಸರಿಗೆ ವಯಸ್ಸಾಗಿದೆ,
ಅದಕ್ಕೆ ಕನ್ನಡಕ ಯಾರೂ ಮಾಡಿಲ್ಲ.

ಊಟದ ಚೀಲದಲ್ಲಿ ನನ್ನದು ಒಂದೇ ಡಿಸ್ಕು.
ಪುತ್ತೂರಿನ ಸಭಾಭವನದಲ್ಲಿ ಐತಪ್ಪ
ಎರಡೇ ಮೈಕು ಇಟ್ಟು ಹಿಡಿದ ಜಲತರಂಗ.
ಹದಿನಾರು ಪಿಂಗಾಣಿ ಬಟ್ಟಲು, ಅರ್ಧಚಂದ್ರ,
ಒಂದು ತುದಿಗೆ ಪಾಯಸದ್ದು, ಇನ್ನೊಂದು ತುದಿಗೆ ಉಪ್ಪಿನಕಾಯಿಯದು.

ಪಕ್ಕದ ಅಂಗಡಿಯಿಂದ ವೈರೆಳೆದು ಕರೆಂಟು ಕೊಟ್ಟ ಮಫಿಜುಲ್.
ಹೆಡ್‌ಫೋನು ನನ್ನದೇ.
ಮೊದಲನೆಯದರಲ್ಲಿ ಹದಿನಾರೂ ಒಂದೇ ಬಕೆಟ್ಟಿಗೆ ಬಿದ್ದವು.
ಎರಡನೆಯದರಲ್ಲಿ ಬಟ್ಟಲೆಲ್ಲ ಸ್ಟೀಲಿನವು.
ಮೂರನೆಯದು ಬೆಳ್ಳಿ ಮೈ, ನೀಲಿ ದೀಪ, ಹದಿನಾಲ್ಕು ದಿನಾರು,
ನೋಡಲು ಮದುಮಗ, ಬಾಯಿಬಿಟ್ಟರೆ ತೊದಲು.
ನಾಲ್ಕನೆಯದಕ್ಕೆ ಕಣ್ಣೇ ಇಲ್ಲ.
ಐದನೆಯದು ಕಪ್ಪು, ಮೂಲೆ ಜಜ್ಜಿದ್ದು,
ಯಾವುದೋ ಹೋಟೆಲಿನ ರೂಮು ನಂಬರು ಇನ್ನೂ ಅಂಟಿಕೊಂಡದ್ದು,
ಎತ್ತಿದರೆ ಸೊಂಟಕ್ಕೆ ಗೊತ್ತಾಗುವ ಭಾರ.
ಒತ್ತಿದೆ. ಕಾದೆ.
ಸಂತೆ ಸ್ವಲ್ಪ ದೂರ ಸರಿದು ಕೂತಿತು.
ಬಟ್ಟಲುಗಳು ಒಂದೊಂದಾಗಿ ತಂತಮ್ಮ ಜಾಗಕ್ಕೆ ಬಂದವು,
ನಡುನಡುವೆ ಸಂದು ಬಿಟ್ಟು,
ಪಂಕ್ತಿಗೆ ಎಲೆ ಹಾಕಿದ ಹಾಗೆ.

ಎಂಟು ಅಂದ. ಐದು ಅಂದೆ. ರಿಮೋಟಿಲ್ಲ ಅಂದೆ.
ಕಾಲಿದೆಯಲ್ಲ, ಎದ್ದು ಹೋಗಿ ಒತ್ತು ಅಂದ.
ಆರೂವರೆಗೆ ಇಬ್ಬರೂ ಸೋತೆವು.

ಸಲ್ಮಾಬಾದಿನ ನಮ್ಮ ರೂಮಿನಲ್ಲಿ ನಾಲ್ಕು ಮಂಚ.
ಒಂದು ಸ್ಪೀಕರಿಗೆ ಫ್ರಿಜ್ಜಿನ ತಲೆ, ಇನ್ನೊಂದಕ್ಕೆ ಕಪಾಟಿನ ತಲೆ.
ಇದರಿಂದ ಅದಕ್ಕೆ ಏಳಡಿ.
ಎರಡರಿಂದಲೂ ಏಳೇಳಡಿ ಟೇಪು ಹಿಡಿದರೆ
ತ್ರಿಕೋನದ ಮೂರನೆಯ ಮೂಲೆ, ನಾದ ಬಂದು ಕೂಡುವ ಜಾಗ,
ಸರಿಯಾಗಿ ಲಿಗೋರಿಯ ದಿಂಬು.

ಲಿಗೋರಿಗೆ ರಾತ್ರಿ ಪಾಳಿ.
ಅವನಿಗೆ ಗೊತ್ತಿರುವ ಸಂಗೀತ ಅಲಾರಮ್ಮು, ಅದೂ ಇಷ್ಟವಿಲ್ಲ.
ಮಂಚ ಬದಲಿಸೋಣ ಅಂದೆ. ಆಗಲ್ಲ ಅಂದ.
ಬಾಡಿಗೆ ಕೊಡುತ್ತೇನೆ ಅಂದೆ. ಗೋಡೆ ಕಡೆ ತಿರುಗಿದ.
ಹಾಗಾಗಿ ಮೂರು ಶುಕ್ರವಾರ
ಆರೂವರೆ ದಿನಾರಿನ ಸ್ಟೀರಿಯೋ
ಬಾಗಿಲ ಬಳಿಯ ಸ್ಟೂಲಿನಲ್ಲಿ ಒಂದು ಕಿವಿಯಲ್ಲಿ ಕೇಳಿದೆ.
ನಟ್ಟನಡುವೆ ಅವನ ಗೊರಕೆ.

ನಾಲ್ಕನೆಯ ವಾರ, ಎರಡನೆಯ ಕೀರ್ತನೆ ಮುಗಿದು
ಬಾರಿಸುವವರು ಶ್ರುತಿಗೆಂದು ಒಂದು ಬಟ್ಟಲಿಗೆ
ಚಮಚದಲ್ಲಿ ನೀರು ಹನಿಸುತ್ತಾರಲ್ಲ,
ನನ್ನ ಸ್ಟೂಲಿಗೆ ಅದು ಎಲ್ಲಿಂದಲೋ ಕೇಳಿತು.
ಲಿಗೋರಿ ಧಡಕ್ಕನೆ ಎದ್ದು ಕೂತ.
"ಏಸಿ ಮತ್ತೆ ಸೋರ್ತಾ ಉಂಟು ಮಾರಾಯ,
ಅಲ್ಲಿ, ಕಪಾಟಿನಿಂದ ಒಂದು ಮೊಳ ಈಚೆ"
ಎಂದು ಅರೆಗಣ್ಣಲ್ಲಿ ನಡೆದು, ಬಗ್ಗಿ,
ನೆಲದ ಮೇಲೆ ಅಂಗೈ ಇಟ್ಟ.

ಒಣಗಿತ್ತು.
ಅಂಗೈ ತಿರುಗಿಸಿ ನೋಡಿಕೊಂಡ.
ಇನ್ನೊಮ್ಮೆ ಇಟ್ಟ.